ಸ್ಪೋರ್ಟ್ಸ್ ಕಾರಿಗೆ ಲೋವರಿಂಗ್ ಸ್ಪ್ರಿಂಗ್ ಆರಿಸುವ ಬಗೆ

ಚಿಕ್ಕಬಳ್ಳಾಪುರದಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಓಡಾಟ ಎರಡು ಬಗೆಯ ರಸ್ತೆಗಳ ನಡುವೆ ಹಂಚಿಹೋಗಿರುತ್ತದೆ. ಒಂದು, ಬೆಂಗಳೂರನ್ನೂ ಹೈದರಾಬಾದನ್ನೂ ಜೋಡಿಸುವ ರಾಷ್ಟ್ರೀಯ ಹೆದ್ದಾರಿ 44. ಇನ್ನೊಂದು, ಆ ಹೆದ್ದಾರಿಯಿಂದ ಇಳಿದು ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಕಡೆಗೆ ಹೋಗುವ, ಪ್ರತಿ ಊರಿನ ಬಾಗಿಲಲ್ಲೂ ಹಂಪ್ ಇರುವ ರಸ್ತೆ. ತುಮಕೂರಿನವರಿಗೆ ಹೆದ್ದಾರಿ 48 ಮತ್ತು ದೇವರಾಯನದುರ್ಗದ ದಾರಿ, ಕೋಲಾರದವರಿಗೆ ಹೆದ್ದಾರಿ 75 ಮತ್ತು ಮಾಲೂರು, ಕೆಜಿಎಫ್ ಕಡೆಯ ಒಳದಾರಿಗಳು ಇದೇ ಬಗೆಯ ಜೋಡಿ. ಕಾರಿನ ಎತ್ತರವನ್ನು ತಗ್ಗಿಸಲು ಮೂಲ ಸ್ಪ್ರಿಂಗಿನ ಬದಲು ಹಾಕುವ ಲೋವರಿಂಗ್ ಸ್ಪ್ರಿಂಗ್‌ಗಳ ಜಾಹೀರಾತಿನ ಚಿತ್ರಗಳೆಲ್ಲ ಮೊದಲ ಬಗೆಯ ರಸ್ತೆಯಲ್ಲಿ ತೆಗೆದವು. ಕೊಂಡ ಸ್ಪ್ರಿಂಗ್ ಸರಿಯೋ ತಪ್ಪೋ ಎಂಬುದು ತೀರ್ಮಾನವಾಗುವುದು ಮಾತ್ರ ಎರಡನೆಯ ಬಗೆಯಲ್ಲಿ.

ಆದ್ದರಿಂದ ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವ “ಕಾರು ಎಷ್ಟು ಇಳಿಯುತ್ತದೆ” ಎಂಬ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಇಳಿದ ಮೇಲೆ ಚಕ್ರಕ್ಕೆ ಮೇಲೇರಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಮೊದಲು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದ ಉಳಿದ ಸಲಹೆಗಳೆಲ್ಲ ಆ ಪ್ರಶ್ನೆಯಿಂದ ಹುಟ್ಟಿದವು.

ಇಳಿಸಿದಾಗ ಆಗುವುದೇನು

ಕಾರು ಸುಮ್ಮನೆ ನಿಂತಿರುವಾಗ ಚಕ್ರ ಇರುವ ಸ್ಥಾನದಿಂದ ಅದು ಮೇಲಕ್ಕೆ ಚಲಿಸಿ, ಆ ಚಲನೆಯನ್ನು ಕೊನೆಯಲ್ಲಿ ತಡೆಯುವ ರಬ್ಬರಿನ ಅಥವಾ ಫೋಮಿನ ಬಂಪ್ ಸ್ಟಾಪ್ ಪೂರ್ತಿ ಅಮುಕಿಹೋಗುವವರೆಗಿನ ದೂರವನ್ನು ಸಸ್ಪೆನ್ಷನ್ನಿನ ಮೇಲ್ಮುಖ ಟ್ರಾವೆಲ್ ಎನ್ನುತ್ತಾರೆ. ಗುಂಡಿಯ ಅಂಚಿಗೆ ಅಥವಾ ಹಂಪಿಗೆ ಚಕ್ರ ಬಡಿದಾಗ ಆ ಹೊಡೆತದ ಶಕ್ತಿಯನ್ನು ನುಂಗಿಕೊಳ್ಳುವುದು ಈ ದೂರವೇ. ಸ್ಪ್ರಿಂಗ್ ನುಂಗಬಲ್ಲ ಶಕ್ತಿಯು ಅದರ ಬಿಗಿತಕ್ಕೆ ನೇರ ಅನುಪಾತದಲ್ಲಿಯೂ, ಟ್ರಾವೆಲ್ಲಿನ ವರ್ಗಕ್ಕೆ (ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿಯೂ ಇರುತ್ತದೆ. ಆ ವರ್ಗವೇ ಇಡೀ ವಿಷಯದ ತಿರುಳು.

ಒಂದು ಲೆಕ್ಕ ನೋಡೋಣ. ಕಾರ್ಖಾನೆಯಿಂದ ಬಂದಾಗ ನಿಮ್ಮ ಕಾರಿನ ಮುಂದಿನ ಚಕ್ರಕ್ಕೆ 80 ಮಿ.ಮೀ. ಮೇಲ್ಮುಖ ಟ್ರಾವೆಲ್ ಇತ್ತು ಎಂದುಕೊಳ್ಳಿ. ಕಾರನ್ನು 30 ಮಿ.ಮೀ. ಇಳಿಸುವ, ಮೂಲಕ್ಕಿಂತ ಶೇ. 30ರಷ್ಟು ಬಿಗಿಯಾದ ಸ್ಪ್ರಿಂಗ್ ಹಾಕಿದಿರಿ. ಈಗ ಉಳಿದದ್ದು 50 ಮಿ.ಮೀ. ಬಿಗಿತ ಹೆಚ್ಚಿದ್ದರಿಂದ ಸಿಕ್ಕ ಲಾಭವನ್ನೂ ಸೇರಿಸಿ ಲೆಕ್ಕ ಹಾಕಿದರೆ, ಬಂಪ್ ಸ್ಟಾಪಿನ ಪಾಲನ್ನು ಬದಿಗಿಟ್ಟು, ಹೊಸ ಸ್ಪ್ರಿಂಗ್ ನುಂಗಬಲ್ಲ ಶಕ್ತಿ ಮೊದಲಿನದರ ಅರ್ಧಕ್ಕೆ ಬಂದು ನಿಲ್ಲುತ್ತದೆ. ಅದೇ ಬಿಗಿತದ ಸ್ಪ್ರಿಂಗ್ 20 ಮಿ.ಮೀ. ಮಾತ್ರ ಇಳಿಸುವಂಥದ್ದಾಗಿದ್ದರೆ ಶೇ. 73ರಷ್ಟು ಉಳಿಯುತ್ತದೆ, 15 ಮಿ.ಮೀ. ಆದರೆ ಶೇ. 86ರಷ್ಟು. 30 ಮಿ.ಮೀ. ಇಳಿಸಿಯೂ ಮೊದಲಿನಷ್ಟೇ ಹೊಡೆತ ತಡೆಯಬೇಕೆಂದರೆ ಸ್ಪ್ರಿಂಗ್ ಮೂಲಕ್ಕಿಂತ ಎರಡೂವರೆ ಪಟ್ಟು ಬಿಗಿಯಾಗಿರಬೇಕಾಗುತ್ತದೆ, ಮತ್ತು ಅಂಥ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಾಗೇಪಲ್ಲಿಯವರೆಗೆ ಹೋಗಿಬರುವುದೂ ಕಷ್ಟ.

ಈಗ ಇಳಿಸುವುದರಿಂದ ಸಿಗುವ ಲಾಭವನ್ನೂ ಅಷ್ಟೇ ನಿಷ್ಠುರವಾಗಿ ಅಳೆಯೋಣ. ತಿರುವಿನಲ್ಲಿ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುವ ಭಾರವು ಕಾರಿನ ಗುರುತ್ವ ಕೇಂದ್ರದ ಎತ್ತರಕ್ಕೆ ಅನುಗುಣವಾಗಿರುತ್ತದೆ. ಆ ಕೇಂದ್ರ ನೆಲದಿಂದ 520 ಮಿ.ಮೀ. ಎತ್ತರದಲ್ಲಿದ್ದು, ನೀವು 20 ಮಿ.ಮೀ. ಇಳಿಸಿದರೆ ಹಾಗೆ ಸರಿಯುವ ಭಾರ ಕಡಿಮೆಯಾಗುವುದು ಹೆಚ್ಚೂಕಡಿಮೆ ಶೇ. 4ರಷ್ಟು. ಇದು ನಿಜವಾದ ಲಾಭವೇ, ಆದರೆ ಸಣ್ಣದು. ತಗ್ಗಿಸಿದ ಕಾರು ತಿರುವಿನಲ್ಲಿ ಚುರುಕಾಗಿದೆ ಎಂದು ಅನ್ನಿಸುವುದಕ್ಕೆ ಮುಖ್ಯ ಕಾರಣ ಸ್ಪ್ರಿಂಗಿನ ಬಿಗಿತ. ಎತ್ತರದ ಪಾಲು ಅದರಲ್ಲಿ ಕಡಿಮೆ. ಹಾಗಾಗಿ ಬಿಗಿತವನ್ನು ಬೇಕಾದಷ್ಟು ಪಡೆದು ಎತ್ತರವನ್ನು ಕಡಿಮೆ ಬಿಟ್ಟುಕೊಡುವ ಸ್ಪ್ರಿಂಗನ್ನು ಹುಡುಕುವುದು ನಮ್ಮ ಜಿಲ್ಲೆಗಳಿಗೆ ಒಗ್ಗುವ ದಾರಿ.

ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿ ಸೇರಿದ ಜೋಡಣೆ, ಇರುವ ಕಾರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾರನ್ನು ಇಳಿಸಿದಾಗ, ಚಕ್ರವನ್ನು ಕಾರಿನ ದೇಹಕ್ಕೆ ಜೋಡಿಸುವ ಕೆಳಗಿನ ಆರ್ಮ್ ಚಕ್ರದ ಕಡೆಗೆ ಮೇಲೇರಿದಂತೆ ವಾಲುತ್ತದೆ. ಆಗ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೆಯೋ ಆ ಬಿಂದು, ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಇವೆರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಯಾದ್ದರಿಂದ, ಅತಿಯಾಗಿ ಇಳಿಸಿದ ಕಾರು ವಾಲುವುದಕ್ಕೆ ಹೆಚ್ಚು ಅನುಕೂಲ ಮಾಡಿಕೊಟ್ಟಂತಾಗುತ್ತದೆ. ಬಿಗಿತ ಇದನ್ನು ಮುಚ್ಚಿಹಾಕುತ್ತದೆಯೇ ಹೊರತು ಸರಿಪಡಿಸುವುದಿಲ್ಲ.

ಕೊಳ್ಳುವ ಮೊದಲು ಅಳೆಯಬೇಕಾದವು

ಮೊದಲನೆಯದು ಕಾರಿನ ಈಗಿನ ಎತ್ತರ. ನೆಲದಿಂದ ಅಳೆದರೆ ಟೈರಿನ ಗಾಳಿಯ ಒತ್ತಡವೂ ಸವೆತವೂ ಲೆಕ್ಕವನ್ನು ಕೆಡಿಸುತ್ತವೆ. ಆದ್ದರಿಂದ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರವಾಗಿ ಮೇಲೆ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಬೇಕು. ಮೂಲೆಯಿಂದ ಮೂಲೆಗೆ ಹತ್ತು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಹೊಸ ಸ್ಪ್ರಿಂಗಿನ ಮಾತನ್ನು ಬದಿಗಿಟ್ಟು, ಯಾವ ಸ್ಪ್ರಿಂಗ್ ಕುಸಿದಿದೆ ಅಥವಾ ಯಾವ ಕೀಲಿನ ರಬ್ಬರ್ ಬುಷ್ ಹರಿದಿದೆ ಎಂಬುದನ್ನು ಮೊದಲು ನೋಡಬೇಕು.

ಎರಡನೆಯದು, ನಿಮ್ಮ ದಿನನಿತ್ಯದ ದಾರಿಯಲ್ಲಿ ಈಗ ಎಷ್ಟು ಟ್ರಾವೆಲ್ ಬಳಕೆಯಾಗುತ್ತಿದೆ ಎಂಬುದು. ಇದಕ್ಕೆ ಬೇಕಾದ ಉಪಕರಣ ಒಂದು ಕೇಬಲ್ ಟೈ ಅಷ್ಟೆ. ಶಾಕ್ ಅಬ್ಸಾರ್ಬರಿನ ಧೂಳಿನ ಕವಚವನ್ನು ಮೇಲಕ್ಕೆ ಸರಿಸಿ, ಹೊಳೆಯುವ ರಾಡಿಗೆ ಕೇಬಲ್ ಟೈ ಕಟ್ಟಿ, ಅದು ಶಾಕಿನ ದೇಹಕ್ಕೆ ತಾಗುವಂತೆ ಕೆಳಕ್ಕೆ ತಳ್ಳಿ. ಟೈ ಬಿಗಿಯಾಗಿದ್ದರೂ ಬೆರಳಿನಿಂದ ಜರುಗುವಂತಿರಬೇಕು. ಆಮೇಲೆ ನೀವು ನಿಜವಾಗಿ ಓಡಾಡುವ ದಾರಿಯಲ್ಲಿ, ನಿಜವಾಗಿ ಓಡಿಸುವ ವೇಗದಲ್ಲಿ, ಸಾಮಾನ್ಯವಾಗಿ ಕೂರುವಷ್ಟು ಜನರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದು, ಟೈ ಎಷ್ಟು ಮೇಲಕ್ಕೆ ಸರಿದಿದೆ ಎಂದು ಅಳೆಯಿರಿ. ಟೈ ಈಗಾಗಲೇ ಬಂಪ್ ಸ್ಟಾಪಿನೊಳಗೆ ಹೂತುಹೋಗಿದ್ದರೆ ನಿಮ್ಮ ದಾರಿಗೆ ಕಾರ್ಖಾನೆಯ ಎತ್ತರವೇ ಸಾಲದು ಎಂದರ್ಥ. ಬಳಸದೆ ಉಳಿದ ಜಾಗ 25 ಮಿ.ಮೀ. ಇದ್ದರೆ, 15 ಮಿ.ಮೀ. ಇಳಿಸುವುದನ್ನು ಧೈರ್ಯವಾಗಿ ಯೋಚಿಸಬಹುದು. ತಲೆಕೆಳಗಾಗಿ ಜೋಡಿಸಿದ ಸ್ಟ್ರಟ್ ಇರುವ ಕಾರುಗಳಲ್ಲಿ ರಾಡು ಹೊರಗೆ ಕಾಣದ ಕಾರಣ ಈ ವಿಧಾನ ನಡೆಯದು.

ಮೂರನೆಯದು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಎಂಬ ಮಾರ್ಗಸೂಚಿಯ 1988ರ ಆವೃತ್ತಿಯು, ವಾಹನಗಳ ವೇಗವನ್ನು ಗಂಟೆಗೆ 25 ಕಿ.ಮೀ.ಗೆ ಇಳಿಸಲು 17 ಮೀಟರ್ ತ್ರಿಜ್ಯದ, 3.7 ಮೀಟರ್ ಅಗಲದ, 10 ಸೆಂ.ಮೀ. ಎತ್ತರದ ದುಂಡನೆಯ ಹಂಪನ್ನು ಹೇಳಿತ್ತು. 2.5 ಮೀಟರ್ ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) ಕಾರು ಅಂಥ ಹಂಪಿನ ಮೇಲೆ ನಿಂತಾಗ ಎರಡೂ ಜೋಡಿ ಚಕ್ರಗಳು ಹಂಪಿನ ಮೇಲೆಯೇ ಇರುತ್ತವೆ. ವೀಲ್‌ಬೇಸಿನ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಹೊಟ್ಟೆಯ ಕೆಳಗೆ ಬೇಕಾದ ಅಂತರ ಸಿಗುತ್ತದೆ, ಅದು ಸುಮಾರು 46 ಮಿ.ಮೀ. ಮಾತ್ರ. ಅಂದರೆ ನಿಯಮದಂತೆ ಕಟ್ಟಿದ ಹಂಪು ತಗ್ಗಿಸಿದ ಕಾರಿಗೂ ಶತ್ರುವಲ್ಲ. ತೊಂದರೆ ಕೊಡುವುದು ಅಪಘಾತವೊಂದರ ನಂತರ ಊರಿನವರು ರಾತ್ರೋರಾತ್ರಿ ಕಾಂಕ್ರೀಟು ಸುರಿದು ಕಟ್ಟಿದ, ಒಂದೂವರೆ ಮೀಟರ್ ಅಗಲ, 15 ಸೆಂ.ಮೀ. ಎತ್ತರದ ದಿಣ್ಣೆ. ಅದನ್ನು ದಾಟುವಾಗ ಮುಂದಿನ ಚಕ್ರ ಆ ಕಡೆಯ ನೆಲದ ಮೇಲೆ, ಹಿಂದಿನ ಚಕ್ರ ಈ ಕಡೆಯ ನೆಲದ ಮೇಲೆ ಇರುವುದರಿಂದ ಪೂರ್ತಿ 150 ಮಿ.ಮೀ. ಅಂತರವೇ ಬೇಕು. ಮಕ್ಕಳು ಓಡಾಡುವ ಬೀದಿಯಲ್ಲಿ ಜನ ಅದನ್ನು ಏಕೆ ಕಟ್ಟಿಕೊಂಡರು ಎಂಬುದು ಅರ್ಥವಾಗುವಂಥದ್ದೇ; ನಮ್ಮ ಕಾರಿನ ಎತ್ತರವನ್ನು ನಾವು ಅದಕ್ಕೆ ಹೊಂದಿಸಿಕೊಳ್ಳಬೇಕು.

ಹಂಪನ್ನು ಅಳೆಯುವುದೂ ಸುಲಭ. ಗಾರೆ ಕೆಲಸದವರು ಬಳಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನಿಮ್ಮ ವೀಲ್‌ಬೇಸಿನಷ್ಟು ದೂರಕ್ಕೆ ಎರಡು ಗುರುತು ಹಾಕಿಕೊಳ್ಳಿ. ಬೆಳಗಿನ ಜಾವ ವಾಹನಗಳಿಲ್ಲದ ಹೊತ್ತಿನಲ್ಲಿ, ರಸ್ತೆಯ ಎರಡೂ ಕಡೆ ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ, ಪಟ್ಟಿಯ ನಡುಭಾಗ ಹಂಪಿನ ನೆತ್ತಿಯ ಮೇಲೆ ಬರುವಂತೆ ಇಡಿ. ಎರಡು ಗುರುತುಗಳ ಕೆಳಗೆ ರಸ್ತೆಯವರೆಗೆ ಇರುವ ಅಂತರಗಳ ಸರಾಸರಿಯೇ ಕಾರಿನ ಹೊಟ್ಟೆಯ ನಡುವೆ ಇರಬೇಕಾದ ಕನಿಷ್ಠ ಅಂತರ. ಬ್ರೇಕ್ ಹಿಡಿದಾಗ ಮೂತಿ ಬಗ್ಗುವುದಕ್ಕೂ, ಹಿಂದೆ ಇಬ್ಬರು ಕುಳಿತಾಗ ಬಾಲ ಇಳಿಯುವುದಕ್ಕೂ ಇದರ ಮೇಲೆ ಇನ್ನೂ ಇಪ್ಪತ್ತು ಮೂವತ್ತು ಮಿ.ಮೀ. ಸೇರಿಸಿಕೊಳ್ಳಿ. ನೀವು ತಪ್ಪಿಸಲಾಗದ ಹಂಪುಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದೋ ಅದೊಂದನ್ನು ಅಳೆದರೆ ಸಾಕು. ಹೊಟ್ಟೆಯ ಅಂತರವನ್ನು ಅಳೆಯುವಾಗ ಕಾರಿನ ಕೆಳಗೆ ಅತಿ ತಗ್ಗಿನಲ್ಲಿರುವ ಭಾಗ ಸೈಲೆನ್ಸರ್ ಪೈಪೋ, ಎಂಜಿನ್ ಕೆಳಗಿನ ತಟ್ಟೆಯೋ ಎಂಬುದನ್ನೂ ನೋಡಿಕೊಳ್ಳಿ, ಏಕೆಂದರೆ ಕೆಲವೊಮ್ಮೆ ಒಂದು ಬ್ರಾಕೆಟ್ಟನ್ನು ಸರಿಯಾಗಿ ಕೂರಿಸಿದರೆ ಹತ್ತು ಮಿ.ಮೀ. ಪುಕ್ಕಟೆ ಸಿಗುತ್ತದೆ.

ಕೊನೆಯದಾಗಿ ತೂಕ. ಆರ್‌ಸಿಯಲ್ಲಿ ಕಾರಿನ ಒಟ್ಟು ತೂಕ ಇರುತ್ತದೆ, ಆದರೆ ಮುಂದೆ ಎಷ್ಟು, ಹಿಂದೆ ಎಷ್ಟು ಎಂಬುದು ಇರುವುದಿಲ್ಲ. ಜಲ್ಲಿ ಕ್ರಷರ್ ಮತ್ತು ತರಕಾರಿ ಮಾರುಕಟ್ಟೆಗಳಿರುವ ನಮ್ಮ ಕಡೆ ವೇ ಬ್ರಿಡ್ಜಿಗೆ ಕೊರತೆ ಇಲ್ಲ. ತಟ್ಟೆ ನೆಲಕ್ಕೆ ಸಮನಾಗಿರುವ ವೇ ಬ್ರಿಡ್ಜನ್ನು ಆರಿಸಿಕೊಂಡು, ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ, ನಂತರ ಇಡೀ ಕಾರನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ ತೂಗಿಸಿ ಚೀಟಿ ಪಡೆಯಿರಿ.

ಕೆಟಲಾಗನ್ನು ಓದುವುದು

ಐಬಾಕ್, ಎಚ್ ಅಂಡ್ ಆರ್ ಮುಂತಾದ ಜರ್ಮನ್ ತಯಾರಕರು ತಮ್ಮ ಕೆಟಲಾಗಿನಲ್ಲಿ ಪ್ರತಿ ಸ್ಪ್ರಿಂಗ್ ಸೆಟ್ಟಿಗೂ ಆಕ್ಸಲ್ ಭಾರದ ಗರಿಷ್ಠ ಮಿತಿಯನ್ನು ಕೊಡುತ್ತಾರೆ. ಒಂದೇ ಮಾದರಿಯ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಮತ್ತು ಅದಕ್ಕಿಂತ ಭಾರದ ಡೀಸೆಲ್ ಎಂಜಿನ್‌ಗೆ, ಮ್ಯಾನ್ಯುಯಲ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಬೇರೆ ಬೇರೆ ಭಾಗಸಂಖ್ಯೆ ಇರುವುದು ಈ ಕಾರಣಕ್ಕೆ. ವೇ ಬ್ರಿಡ್ಜಿನ ಚೀಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜರ್ಮನ್ ಸ್ಪ್ರಿಂಗ್‌ಗಳ ಮೇಲೆ ಮುಂದಿನದಕ್ಕೆ ವಿಎ, ಹಿಂದಿನದಕ್ಕೆ ಎಚ್‌ಎ ಎಂದು ಅಚ್ಚಾಗಿರುವುದನ್ನು ಕೂರಿಸುವವರಿಗೆ ಮೊದಲೇ ಹೇಳಿ.

ಇಳಿತದ ಅಂಕಿಯನ್ನು ಓದುವಾಗ ಅದು ಯಾವ ಎತ್ತರದಿಂದ ಎಂದು ಕೇಳಲೇಬೇಕು. 30 ಮಿ.ಮೀ. ಎಂದು ಬರೆದಿರುವುದು ಸಾಮಾನ್ಯವಾಗಿ ಆ ಮಾದರಿಯ ಸಾಧಾರಣ ಸಸ್ಪೆನ್ಷನ್ನಿನ ಎತ್ತರದಿಂದ ಲೆಕ್ಕ ಹಾಕಿದ್ದು. ನಿಮ್ಮದು ಕಾರ್ಖಾನೆಯಿಂದಲೇ ತಗ್ಗಿಸಿ ಬಂದ ಸ್ಪೋರ್ಟ್ ಮಾದರಿಯಾದರೆ ನಿಜವಾದ ಇಳಿತ ಅದಕ್ಕಿಂತ ಕಡಿಮೆ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಕೆಟ್ಟ ರಸ್ತೆಗಳ ದೇಶಗಳಿಗೆಂದು ತಯಾರಕರು ಎತ್ತರಿಸಿ ಕಳುಹಿಸಿದ ಕಾರಿಗೆ ಯುರೋಪಿನ ಸ್ಪ್ರಿಂಗ್ ಹಾಕಿದರೆ ಬರೆದಿದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಭಾರತದಲ್ಲಿ ಈ ಎರಡನೆಯ ಸಂಗತಿ ಹಲವರನ್ನು ಬೇಸ್ತು ಬೀಳಿಸಿದೆ. ಎಷ್ಟು ಇಳಿಯುತ್ತದೆ ಎಂಬುದರ ಬದಲು, ಕೂರಿಸಿದ ಮೇಲೆ ಚಕ್ರದ ನಡುವಿನಿಂದ ಕಮಾನಿನವರೆಗೆ ಎಷ್ಟು ಮಿ.ಮೀ. ಇರುತ್ತದೆ ಎಂದು ಅದೇ ಮಾದರಿಯ ಕಾರಿಗೆ ಹಾಕಿಸಿದವರನ್ನು ಕೇಳಿದರೆ ಗೊಂದಲವಿರುವುದಿಲ್ಲ.

ಬಿಗಿತವನ್ನು ಯುರೋಪಿನವರು ಮಿ.ಮೀ.ಗೆ ಎಷ್ಟು ನ್ಯೂಟನ್ ಎಂದೂ, ಜಪಾನಿನವರು ಮಿ.ಮೀ.ಗೆ ಎಷ್ಟು ಕಿಲೋ ಎಂದೂ, ಅಮೆರಿಕದವರು ಅಂಗುಲಕ್ಕೆ ಎಷ್ಟು ಪೌಂಡ್ ಎಂದೂ ಬರೆಯುತ್ತಾರೆ. ಮಿ.ಮೀ.ಗೆ 1 ಕಿಲೋ ಎಂದರೆ 9.8 ನ್ಯೂಟನ್, ಅಥವಾ ಅಂಗುಲಕ್ಕೆ 56 ಪೌಂಡ್. ಈ ಅಂಕಿಯನ್ನು ಬೇರೆ ಕಾರಿನ ಸ್ಪ್ರಿಂಗಿನೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಚಕ್ರ ಒಂದು ಮಿ.ಮೀ. ಚಲಿಸಿದಾಗ ಸ್ಪ್ರಿಂಗ್ ಎಷ್ಟು ಅಮುಕುತ್ತದೆ ಎಂಬ ಅನುಪಾತ ಕಾರಿನಿಂದ ಕಾರಿಗೆ ಬೇರೆ, ಮತ್ತು ಚಕ್ರಕ್ಕೆ ತಲುಪುವ ಬಿಗಿತವು ಆ ಅನುಪಾತದ ವರ್ಗದಷ್ಟಿರುತ್ತದೆ. ಸ್ಟ್ರಟ್ ಇರುವ ಕಾರಿನಲ್ಲಿ ಅನುಪಾತ 0.95 ಇದ್ದರೆ 30 ನ್ಯೂಟನ್ ಸ್ಪ್ರಿಂಗ್ ಚಕ್ರಕ್ಕೆ 27 ಕೊಡುತ್ತದೆ. ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುವ ಡಬಲ್ ವಿಶ್‌ಬೋನ್ ಕಾರಿನಲ್ಲಿ ಅನುಪಾತ 0.7 ಇದ್ದರೆ 60 ನ್ಯೂಟನ್ ಸ್ಪ್ರಿಂಗ್ ಕೂಡ ಕೇವಲ 29 ಕೊಡುತ್ತದೆ. ಹೋಲಿಕೆ ಏನಿದ್ದರೂ ನಿಮ್ಮ ಕಾರಿನ ಹಳೆಯ ಸ್ಪ್ರಿಂಗಿಗೂ ಹೊಸದಕ್ಕೂ ನಡುವೆ ಇರಲಿ.

ಚಕ್ರಕ್ಕೆ ತಲುಪುವ ಬಿಗಿತ ತಿಳಿದರೆ ಕಾರು ಎಷ್ಟು ವೇಗವಾಗಿ ತೂಗಾಡುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು, ಮತ್ತು ಸ್ಪ್ರಿಂಗನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲು ಇಲ್ಲ. ಮುಂದಿನ ಆಕ್ಸಲ್ಲಿನ ಮೇಲೆ 860 ಕಿಲೋ ಇದೆ ಎಂದುಕೊಳ್ಳಿ. ಚಕ್ರ, ಬ್ರೇಕ್, ಹಬ್ಬುಗಳ ತೂಕವೆಂದು ಒಂದೊಂದು ಕಡೆ 40 ಕಿಲೋ ಕಳೆದರೆ ಒಂದು ಸ್ಪ್ರಿಂಗ್ ಹೊರುವುದು 390 ಕಿಲೋ. ಚಕ್ರದ ಬಳಿಯ ಬಿಗಿತ ಮಿ.ಮೀ.ಗೆ 24 ನ್ಯೂಟನ್ ಆದರೆ ಕಾರು ಸೆಕೆಂಡಿಗೆ 1.25 ಸಲ ತೂಗುತ್ತದೆ. ಶೇ. 30 ಬಿಗಿ ಮಾಡಿದರೆ 1.42 ಸಲ. ಮನೆಮಂದಿಯ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರುತ್ತವೆ, ರಸ್ತೆಯ ಸ್ಪೋರ್ಟ್ಸ್ ಕಾರುಗಳು 1.5ರಿಂದ 2ರವರೆಗೆ, 2ನ್ನು ದಾಟಿದ ಕಾರು ರೇಸ್ ಟ್ರ್ಯಾಕಿನ ಡಾಂಬರಿಗೆ ಸೇರಿದ್ದು. ನನ್ನ ಮಟ್ಟಿಗೆ, ನಮ್ಮ ಜಿಲ್ಲೆಗಳಲ್ಲಿ ದಿನವೂ ಓಡಿಸುವ ಕಾರು ಮುಂದೆ 1.5ನ್ನು ದಾಟಬೇಕಾದ ಅಗತ್ಯವಿಲ್ಲ.

ಕಾರಿನ ಹಿಂಭಾಗ ಸೆಕೆಂಡಿಗೆ ತೂಗಾಡುವ ಸಲ ಮುಂಭಾಗದ್ದಕ್ಕಿಂತ ತುಸು ಹೆಚ್ಚಿರಬೇಕು ಎಂಬುದು ಎಂಜಿನಿಯರ್ ಮಾರಿಸ್ ಆಲಿ 1930ರ ದಶಕದಲ್ಲಿ ಜನರಲ್ ಮೋಟಾರ್ಸಿನಲ್ಲಿ ಕಂಡುಕೊಂಡ ಸಂಗತಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ, 2.5 ಮೀಟರ್ ವೀಲ್‌ಬೇಸಿನ ಕಾರಿನ ಹಿಂದಿನ ಚಕ್ರ ಅದೇ ಉಬ್ಬನ್ನು ಮುಟ್ಟುವುದು ಮುಂದಿನದಕ್ಕಿಂತ 0.11 ಸೆಕೆಂಡ್ ತಡವಾಗಿ. ಹಿಂಭಾಗ ಸ್ವಲ್ಪ ಬೇಗ ತೂಗಿದರೆ ಆ ತಡವನ್ನು ತುಂಬಿಕೊಂಡು ಕಾರು ಸಮನಾಗಿ ನೆಲೆಗೊಳ್ಳುತ್ತದೆ. ಇಲ್ಲದಿದ್ದರೆ ಹೆದ್ದಾರಿಯ ಸೇತುವೆಗಳ ಜೋಡಣೆಯ ಮೇಲೆ ಮೂತಿ ಒಮ್ಮೆ ಬಾಲ ಒಮ್ಮೆ ಏಳುತ್ತ ಹೋಗುತ್ತದೆ. ಮುಂದಿನ ಸ್ಪ್ರಿಂಗ್‌ಗಳನ್ನು ಮಾತ್ರ ಬದಲಿಸುವ ಅಥವಾ ಎರಡು ಬೇರೆ ಸೆಟ್ಟುಗಳನ್ನು ಬೆರೆಸುವ ಉಳಿತಾಯವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಸುರುಳಿಗಳ ಅಂತರ ಉದ್ದಕ್ಕೂ ಒಂದೇ ಇರುವ ಲೀನಿಯರ್ ಸ್ಪ್ರಿಂಗಿನ ಬಿಗಿತ ಕೊನೆಯವರೆಗೂ ಒಂದೇ. ಒಂದು ತುದಿಯಲ್ಲಿ ಸುರುಳಿಗಳು ಹತ್ತಿರ ಹತ್ತಿರ ಇರುವ ಪ್ರೊಗ್ರೆಸಿವ್ ಸ್ಪ್ರಿಂಗಿನಲ್ಲಿ ಭಾರ ಹೆಚ್ಚಿದಂತೆ ಆ ಸುರುಳಿಗಳು ಒಂದಕ್ಕೊಂದು ಕೂಡಿಕೊಂಡು, ಉಳಿದವು ಮಾತ್ರ ಕೆಲಸ ಮಾಡುವುದರಿಂದ ಬಿಗಿತ ಏರುತ್ತ ಹೋಗುತ್ತದೆ. ಟ್ರ್ಯಾಕಿನಲ್ಲಿ ಸಮಯ ಅಳೆಯುವವರಿಗೆ ಲೀನಿಯರ್ ಒಳ್ಳೆಯದು, ಏಕೆಂದರೆ ಕಾರಿನ ನಡವಳಿಕೆ ಮೊದಲೇ ತಿಳಿದಿರುತ್ತದೆ. ಹಂಪು ಮತ್ತು ಗುಂಡಿಗಳ ರಸ್ತೆಗೆ, ಟ್ರಾವೆಲ್ ಕಡಿಮೆಯಾದ ಕಾರಿಗೆ, ಪ್ರೊಗ್ರೆಸಿವ್ ಸ್ಪ್ರಿಂಗ್ ಕೊನೆಯ ಕೆಲವು ಮಿ.ಮೀ.ಗಳಲ್ಲಿ ಕೊಡುವ ಆಸರೆ ಬಹಳ ದೊಡ್ಡದು. ನಂದಿ ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ತಿರುಗುವಾಗ ಮುಂದಿನ ಹೊರ ಚಕ್ರದ ಮೇಲೆ ಭಾರ ಬೀಳುವ ಹೊತ್ತಿಗೆ ಒಂದು ಗುಂಡಿ ಎದುರಾದರೆ, ಆ ಆಸರೆಯೇ ಬಂಪ್ ಸ್ಟಾಪಿನ ಪೆಟ್ಟಿನಿಂದ ಟೈರು ಹಿಡಿತ ಕಳೆದುಕೊಳ್ಳದಂತೆ ಕಾಯುತ್ತದೆ.

ಕಾರು ವಾಲುತ್ತದೆ ಎಂಬುದಷ್ಟೇ ನಿಮ್ಮ ದೂರು ಎಂದಾದರೆ, ಸ್ಪ್ರಿಂಗಿಗೆ ಮೊದಲು ದಪ್ಪನೆಯ ಆಂಟಿ ರೋಲ್ ಬಾರನ್ನು, ಅಂದರೆ ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳನ್ನು, ಪರಿಗಣಿಸಿ. ಅದು ಎತ್ತರವನ್ನು ಒಂದು ಮಿ.ಮೀ. ಕೂಡ ಕಸಿಯುವುದಿಲ್ಲ.

ಶಾಕ್ ಅಬ್ಸಾರ್ಬರಿನ ಸಂಗತಿ

ಸ್ಪ್ರಿಂಗ್ ಬಿಗಿಯಾದಷ್ಟೂ ಅದು ಹಿಂದಿರುಗುವಾಗ ತಳ್ಳುವ ಬಲ ಹೆಚ್ಚು, ಅದನ್ನು ತಡೆದು ನಿಲ್ಲಿಸುವುದು ಶಾಕಿನ ಕೆಲಸ. ಬೇಕಾಗುವ ತಡೆ ಬಿಗಿತದ ವರ್ಗಮೂಲದಂತೆ ಏರುತ್ತದೆ. ಶೇ. 30 ಬಿಗಿಯಾದ ಸ್ಪ್ರಿಂಗಿಗೆ ಶೇ. 14ರಷ್ಟು ಹೆಚ್ಚಿನ ತಡೆ ಸಾಕು, ಇದನ್ನು ಕಾರ್ಖಾನೆಯ ಹೊಸ ಶಾಕ್ ಒಂದು ಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಬಹಳ ದೂರ ಓಡಿ, ಎಣ್ಣೆ ಜಿನುಗುತ್ತಿರುವ ಶಾಕಿನ ಮೇಲೆ ಹೊಸ ಸ್ಪ್ರಿಂಗ್ ಹಾಕುವುದು ಹಣವನ್ನೂ ಕಾರನ್ನೂ ಕೆಡಿಸಿಕೊಂಡಂತೆ. ಇಳಿತ 25 ಮಿ.ಮೀ. ದಾಟುವುದಾದರೆ ತಗ್ಗಿದ ಕಾರಿಗೆಂದೇ ರಾಡನ್ನು ಗಿಡ್ಡ ಮಾಡಿ ತಯಾರಿಸಿದ ಶಾಕ್ ಬೇಕು. ಬಿಲ್‌ಸ್ಟೈನ್ ಸಾಲಿನಲ್ಲಿ ಬಿ6 ಮೂಲ ಎತ್ತರಕ್ಕೆ, ಬಿ8 ತಗ್ಗಿಸಿದ ಎತ್ತರಕ್ಕೆ ಎಂದು ಬೇರ್ಪಡಿಸಿರುವುದನ್ನು ಗಮನಿಸಿ. ಬಿ8 ಶಾಕನ್ನು ಐಬಾಕ್ ಸ್ಪ್ರಿಂಗಿನೊಂದಿಗೆ ಹೊಂದಿಸಿದ ಸೆಟ್ಟು ಬಿ12 ಎಂಬ ಹೆಸರಿನಲ್ಲಿ ಬರುತ್ತದೆ. ಹೊಂದಾಣಿಕೆಯನ್ನು ತಯಾರಕರೇ ಮಾಡಿ ಕೊಟ್ಟ ಇಂಥ ಸೆಟ್ಟು ದುಬಾರಿಯಾದರೂ, ಹಣ ಕೂಡಿಸಿಕೊಂಡು ಒಂದೇ ಸಲ ಕೊಳ್ಳುವುದು ಮೇಲು.

ಬಂಪ್ ಸ್ಟಾಪನ್ನು ಎಷ್ಟು ಕತ್ತರಿಸಬೇಕು ಎಂದು ಸ್ಪ್ರಿಂಗಿನ ಸೂಚನಾ ಪತ್ರದಲ್ಲಿ ಬರೆದಿದ್ದರೆ ಅಷ್ಟನ್ನೇ, ಹೇಳಿದ ತುದಿಯಿಂದಲೇ ಕತ್ತರಿಸಬೇಕು. ಬರೆದಿಲ್ಲದಿದ್ದರೆ ಮುಟ್ಟಬಾರದು. ಎಲೆಕ್ಟ್ರಾನಿಕ್ ಶಾಕ್ ಇರುವ ಕಾರುಗಳಿಗೆ ಅದಕ್ಕೆಂದೇ ಹೆಸರಿಸಿದ ಸ್ಪ್ರಿಂಗನ್ನಲ್ಲದೆ ಬೇರೇನನ್ನೂ ಹಾಕಬೇಡಿ.

ಸುರುಳಿ ಕತ್ತರಿಸುವ ಕೆಲಸ ಬೇಡ

ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿ ಸಾವಿರಾರು ರೂಪಾಯಿ ಸುರಿಯುವುದೇಕೆ, ಇರುವ ಸ್ಪ್ರಿಂಗಿನಲ್ಲೇ ಒಂದು ಸುತ್ತು ಕತ್ತರಿಸಿಕೊಡುತ್ತೇವೆ ಎನ್ನುವವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಕಾರು ಇಳಿಯುತ್ತದೆ ಎಂಬ ಮಾತು ನಿಜವೇ. ಆದರೆ ಸ್ಪ್ರಿಂಗಿನ ತುದಿಯನ್ನು ಅದರ ತಟ್ಟೆಯಲ್ಲಿ ಕೂರುವ ಆಕಾರಕ್ಕೆ ತಯಾರಿಸಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಗಿಡ್ಡವಾದ ಸ್ಪ್ರಿಂಗ್, ಚಕ್ರ ಗುಂಡಿಯಲ್ಲಿ ಪೂರ್ತಿ ಕೆಳಗಿಳಿದಾಗ ಸಡಿಲಗೊಂಡು ಜಾಗ ತಪ್ಪಬಹುದು, ಮತ್ತು ಅದು ತಿರುವಿನಲ್ಲಿ ಆದರೆ ಪರಿಣಾಮ ಜೀವಕ್ಕೆ ಸಂಬಂಧಿಸಿದ್ದು. ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಇಳಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಸ್ಪ್ರಿಂಗಿನ ಗುಣವೆಲ್ಲ ಉಕ್ಕಿಗೆ ಕೊಟ್ಟ ಹದದಲ್ಲಿದೆ, ಆ ಶಾಖ ಆ ಹದವನ್ನು ಅಳಿಸುತ್ತದೆ. ನಕಲಿ ಸ್ಪ್ರಿಂಗ್‌ಗಳ ವಿಚಾರದಲ್ಲಿಯೂ ಇದೇ ಎಚ್ಚರಿಕೆ ಬೇಕು. ಸುರುಳಿಯ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ, ತಂತಿ ಶೇ. 10 ದಪ್ಪವಾದರೆ ಬಿಗಿತ ಶೇ. 46 ಏರುತ್ತದೆ. ಕಣ್ಣಿಗೆ ಒಂದೇ ತರಹ ಕಾಣುವ ಎರಡು ಸ್ಪ್ರಿಂಗ್‌ಗಳ ನಡುವೆ ಎಷ್ಟು ವ್ಯತ್ಯಾಸ ಇರಬಹುದು ಎಂಬುದನ್ನು ಇದರಿಂದ ಊಹಿಸಿಕೊಳ್ಳಿ.

ಕಾನೂನು ಮತ್ತು ವಿಮೆ

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತಾಗುವ ಮಾರ್ಪಾಡನ್ನು ಮಾಲೀಕರು ಮಾಡಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ಅಥವಾ ಎರಡನ್ನೂ ವಿಧಿಸುತ್ತದೆ. ಜರ್ಮನಿಯ ಟಿಯುವಿ ಎಂಬ ತಪಾಸಣಾ ಸಂಸ್ಥೆಗಳ ಪ್ರಮಾಣಪತ್ರ ಸ್ಪ್ರಿಂಗಿನ ಗುಣಮಟ್ಟಕ್ಕೆ ಒಳ್ಳೆಯ ಸಾಕ್ಷಿ, ಆದರೆ ಅದು ಇಲ್ಲಿನ ಅನುಮತಿ ಅಲ್ಲ. ಹಾಗಾಗಿ ಕೊಳ್ಳುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಅವರ ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ವಾರಂಟಿ ಬಾಕಿ ಇರುವ ಕಾರಾದರೆ, ತಯಾರಕರೇ ತಮ್ಮ ಅಧಿಕೃತ ಬಿಡಿಭಾಗಗಳ ಪಟ್ಟಿಯಲ್ಲಿ ಸ್ಪೋರ್ಟ್ ಸ್ಪ್ರಿಂಗ್ ಕೊಡುತ್ತಾರೆಯೇ ಎಂದು ಮೊದಲು ನೋಡಿ.

ಕೂರಿಸುವಾಗ ನೋಡಿಕೊಳ್ಳಬೇಕಾದವು

ಸ್ಟ್ರಟ್ಟಿನೊಳಗೆ ಅಮುಕಿಟ್ಟ ಸ್ಪ್ರಿಂಗಿನಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ಬಲವಿರುತ್ತದೆ. ಗೋಡೆಗೆ ಅಥವಾ ನೆಲಕ್ಕೆ ಬಿಗಿದ ಸ್ಪ್ರಿಂಗ್ ಕಂಪ್ರೆಸರ್ ಇರುವ, ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ ಬೋಲ್ಟ್ ಬಿಗಿಯುವ ಗ್ಯಾರೇಜಿನಲ್ಲಿ ಮಾತ್ರ ಈ ಕೆಲಸ ಮಾಡಿಸಿ. ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿಗೆ ಹಿಡಿದಿಡುವ ಹಳೆಯ ಟಾಪ್ ಮೌಂಟ್ ಮತ್ತು ಬೇರಿಂಗನ್ನು ಇದೇ ಹೊತ್ತಿನಲ್ಲಿ ಬದಲಿಸಿದರೆ ಎರಡನೆಯ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಒಂದು ಕ್ರಮವನ್ನು ಒತ್ತಿ ಹೇಳಬೇಕು. ಲೋವರ್ ಆರ್ಮಿನ ರಬ್ಬರ್ ಬುಷ್ ಒಳಗಿನ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರುತ್ತದೆ, ಆರ್ಮ್ ಚಲಿಸಿದಾಗ ರಬ್ಬರೇ ತಿರುಚಿಕೊಳ್ಳುತ್ತದೆ. ಕಾರು ಲಿಫ್ಟಿನ ಮೇಲೆ, ಚಕ್ರಗಳು ನೇತಾಡುತ್ತಿರುವಾಗ ಆ ಬೋಲ್ಟ್ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರು ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ, ಎತ್ತರವೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಬುಷ್ ಬೋಲ್ಟುಗಳನ್ನು ಮೊದಲು ಸಡಿಲವಾಗಿ ಹಾಕಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿದ್ದ ಮೇಲೆ ಅಂತಿಮವಾಗಿ ಬಿಗಿಯುವಂತೆ ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿ.

ಕಾರು ಇಳಿದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಎರಡೂ ಬದಲಾಗುತ್ತವೆ. ಸ್ವಲ್ಪ ಹೆಚ್ಚಾದ ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು, ತಿರುವಿನಲ್ಲಿ ಒಳ್ಳೆಯದೇ, ಟೈರಿನ ಒಳ ಅಂಚನ್ನು ಬೇಗ ತಿನ್ನುವುದು ಮುಖ್ಯವಾಗಿ ತಪ್ಪಿದ ಟೋ. ಕೂರಿಸಿದ ದಿನವೇ ಒಮ್ಮೆ, ಸ್ಪ್ರಿಂಗ್‌ಗಳು ನೆಲೆಗೊಂಡ ಮೇಲೆ ಅಂದರೆ ಸುಮಾರು 500 ಕಿ.ಮೀ. ಓಡಿದ ನಂತರ ಇನ್ನೊಮ್ಮೆ, ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳ ಮುದ್ರಿತ ಪ್ರತಿ ಕೇಳಿ ಪಡೆಯಿರಿ. ಮುಂದೆ ಹಿಂದೆ ಇಳಿತ ಸಮನಾಗಿಲ್ಲದಿದ್ದರೆ ಹೆಡ್‌ಲೈಟಿನ ಕೋನ ಬದಲಾಗಿರುತ್ತದೆ. ಎದುರಿನಿಂದ ಬರುವವರ ಕಣ್ಣು ಕೋರೈಸದಂತೆ ಅದನ್ನು ಸರಿಪಡಿಸುವುದು ಹೊಣೆಯ ಕೆಲಸ. ಲೆವೆಲ್ ಸೆನ್ಸರ್ ಇರುವ ದೀಪಗಳನ್ನೂ, ಗಾಜಿನ ಹಿಂದೆ ಕ್ಯಾಮರಾ ಇರುವ ಕಾರುಗಳನ್ನೂ ಸ್ಕ್ಯಾನರ್ ಮೂಲಕ ಮರುಹೊಂದಿಸಬೇಕಾಗಬಹುದು. ಹಿಂದಿನ ಬ್ರೇಕಿಗೆ ಭಾರ ನೋಡಿ ಒತ್ತಡ ಹಂಚುವ ವಾಲ್ವ್ ಇರುವ ಹಳೆಯ ಕಾರುಗಳಲ್ಲಿ ಅದರ ಸನ್ನೆಯನ್ನೂ ಹೊಸ ಎತ್ತರಕ್ಕೆ ಹೊಂದಿಸಲೇಬೇಕು, ಇಲ್ಲವಾದರೆ ಹಿಂದೆ ಭಾರವಿದೆ ಎಂದು ತಿಳಿದು ಅದು ಹೆಚ್ಚು ಒತ್ತಡ ಬಿಡುತ್ತದೆ.

ಕೆಲಸ ಮುಗಿದ ಮೇಲೆ ಕೇಬಲ್ ಟೈಯನ್ನು ಮತ್ತೆ ಕಟ್ಟಿ, ಅದೇ ದಾರಿಯಲ್ಲಿ, ಅಷ್ಟೇ ಜನರೊಂದಿಗೆ ಇನ್ನೊಂದು ಸುತ್ತು ಹೋಗಿಬನ್ನಿ. ಟೈ ಬಂಪ್ ಸ್ಟಾಪಿನ ತುದಿಯನ್ನು ಅಪರೂಪಕ್ಕೆ ಮುಟ್ಟುತ್ತಿದ್ದರೆ ಆಯ್ಕೆ ಸರಿಯಾಗಿದೆ. ಪ್ರತಿ ಹಂಪಿಗೂ ಒಳಗೆ ಹೂತುಹೋಗುತ್ತಿದ್ದರೆ ಒಂದು ಮೆಟ್ಟಿಲು ಎತ್ತರದ ಸ್ಪ್ರಿಂಗಿಗೆ ಬದಲಿಸಿಕೊಳ್ಳುವ ಷರತ್ತನ್ನು ಅಂಗಡಿಯವರೊಂದಿಗೆ ಮೊದಲೇ ಮಾತಾಡಿಕೊಂಡಿರಬೇಕು. ಪ್ರತಿ ಸರ್ವಿಸಿನಲ್ಲಿ ಸ್ಪ್ರಿಂಗಿನ ಕೆಳಗಿನ ಸುತ್ತನ್ನು ತೊಳೆಸಿ ನೋಡಿ. ಜಲ್ಲಿಕಲ್ಲು ಬಡಿದು ಬಣ್ಣ ಕಿತ್ತ ಜಾಗದಲ್ಲಿ ತುಕ್ಕು ಹಿಡಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಕಾರ್ಖಾನೆಯ ಹಳೆಯ ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಎಡ, ಬಲ, ಮುಂದೆ, ಹಿಂದೆ ಎಂದು ಚೀಟಿ ಅಂಟಿಸಿ, ಬಂಪ್ ಸ್ಟಾಪ್ ಮತ್ತು ಕವಚಗಳ ಸಮೇತ ಒಣ ಜಾಗದಲ್ಲಿ ಎತ್ತಿಡಿ.